ಅಟ್ಟದ ಮೇಲಿನ ಪ್ರಯೋಗಶಾಲೆ

ಬಿಸಿನೀರಿಗೆ ಪಟಿಕದ ಪುಡಿ ಹಾಕಿ, ಇನ್ನು ಕರಗದು ಎನ್ನುವವರೆಗೆ ಕದಡಿ, ಯಾರೂ ಅಲುಗಾಡಿಸದ ಜಾಗದಲ್ಲಿ ಇಟ್ಟುಬಿಡಬೇಕು. ನೀರು ಆರುತ್ತ ಬಂದಂತೆ ತಳದಲ್ಲಿ ಸಾಸಿವೆ ಗಾತ್ರದ ಕಾಳೊಂದು ಕಾಣಿಸಿಕೊಳ್ಳುತ್ತದೆ. ದಿನ ಕಳೆದಂತೆ ಅದಕ್ಕೆ ಅಂಚು ಮೂಡುತ್ತದೆ, ಮುಖಗಳು ಹೊಳೆಯತೊಡಗುತ್ತವೆ. ಮೈಲುತುತ್ತವಾದರೆ ಹರಳು ಕಡುನೀಲಿ. ಇಂಗ್ಲೆಂಡಿನ ಪುಟ್ಟ ಶಾಲೆಯೊಂದರಲ್ಲಿ ಹತ್ತು ವರ್ಷದ ಡೊರೊತಿ ಕ್ರೌಫುಟ್ ಈ ಎರಡನ್ನೂ ಬೆಳೆಸಿದಳು. ಮುಂದೆ ಡೊರೊತಿ ಹಾಡ್ಜ್‌ಕಿನ್ ಆಗಿ ಪೆನಿಸಿಲಿನ್, ಬಿ12 ವಿಟಮಿನ್‌ಗಳ ಅಣುರಚನೆಯನ್ನು ಬಿಡಿಸಿಟ್ಟು, 1964ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದವರು ಇವರೇ.

ಅಪ್ಪ, ಅಮ್ಮ ಇಬ್ಬರಿಗೂ ರಸಾಯನವಿಜ್ಞಾನ ಗೊತ್ತಿರಲಿಲ್ಲ. ತಂದೆ ಜಾನ್ ಸುಡಾನಿನಲ್ಲಿ ಶಿಕ್ಷಣಾಧಿಕಾರಿ, ಮನಸ್ಸೆಲ್ಲ ಪುರಾತತ್ತ್ವದಲ್ಲಿ. ತಾಯಿ ಮಾಲಿ ಅಲ್ಲಿನ ಗಿಡಗಳ ಚಿತ್ರ ಬರೆಯುವವರು, ಪ್ರಾಚೀನ ನೇಯ್ಗೆಯ ಬೆನ್ನುಹತ್ತಿದವರು. ವರ್ಷದ ಬಹುಪಾಲು ಹೆತ್ತವರು ಅಲ್ಲಿ, ಮಕ್ಕಳು ಇಂಗ್ಲೆಂಡಿನಲ್ಲಿ.

1923ರಲ್ಲಿ ಹುಡುಗಿ ಖಾರ್ಟೂಮಿಗೆ ಹೋದಳು. ಮನೆಯ ತೋಟದ ನೀರಿನಲ್ಲಿ ಮಣ್ಣು ಜಾಲಿಸಿ ಚಿನ್ನ ಹುಡುಕುವಾಗ ಸಿಕ್ಕಿದ್ದು ಕಪ್ಪಗೆ ಮಿರುಗುವ ಖನಿಜ. ಇದೇನಿದು ಎಂದು ಪರೀಕ್ಷಿಸಲು ಅವಳು ಹೋದದ್ದು ಮನೆಯವರ ಸ್ನೇಹಿತ, ಮಣ್ಣಿನ ರಸಾಯನತಜ್ಞ ಡಾ. ಎ. ಎಫ್. ಜೋಸೆಫ್ ಅವರ ಬಳಿಗೆ. ಅದು ಇಲ್ಮನೈಟ್, ಕಬ್ಬಿಣ ಮತ್ತು ಟೈಟಾನಿಯಂ ಸೇರಿದ ಆಕ್ಸೈಡ್. ರಾಸಾಯನಿಕಗಳು, ಖನಿಜದ ಚೂರುಗಳಿದ್ದ ಒಂದು ಪೆಟ್ಟಿಗೆಯನ್ನೂ ಅವರು ಅವಳಿಗೆ ಕೊಟ್ಟರು. ಊರಿಗೆ ಮರಳಿದ ಮೇಲೆ ಮನೆಯ ಅಟ್ಟವೇ ಪ್ರಯೋಗಶಾಲೆಯಾಯಿತು.

ಬೆಕಲ್ಸ್ ಪಟ್ಟಣದ ಶಾಲೆಯಲ್ಲಿ ರಸಾಯನವಿಜ್ಞಾನ ಹುಡುಗರ ಪಾಲಿನದು. ಡೊರೊತಿ ಮತ್ತು ಒಬ್ಬ ಗೆಳತಿಗೆ ಮಾತ್ರ ಆ ತರಗತಿಯಲ್ಲಿ ಕೂರಲು ಅನುಮತಿ ಸಿಕ್ಕಿತು. 16ನೇ ಹುಟ್ಟುಹಬ್ಬಕ್ಕೆ ಅಮ್ಮ ಕೊಟ್ಟ ಉಡುಗೊರೆ, ವಿಜ್ಞಾನಿ ವಿಲಿಯಂ ಹೆನ್ರಿ ಬ್ರ್ಯಾಗ್ ಮಕ್ಕಳಿಗೆ ಮಾಡಿದ ಉಪನ್ಯಾಸಗಳ ಪುಸ್ತಕ. ಎಕ್ಸ್-ಕಿರಣ ಹಾಯಿಸಿದರೆ ಹರಳಿನೊಳಗೆ ಪರಮಾಣುಗಳು ಹೇಗೆ ಕೂತಿವೆಯೆಂದು ತಿಳಿಯಬಹುದು ಎಂಬುದು ಅವಳಿಗೆ ಗೊತ್ತಾದದ್ದು ಅದರಿಂದ. ತನಗೆ ಗೊತ್ತಿಲ್ಲದ ವಿಷಯದಲ್ಲಿ ಮಗಳಿಗೆ ಬೇಕಾದ ಪುಸ್ತಕವನ್ನೇ ಆರಿಸಿದ ಈ ತಾಯಿಯ ಮೇಲೆ ನನಗೆ ಅಪಾರ ಗೌರವ. ರಸಾಯನವಿಜ್ಞಾನವೆಂದರೆ ಪಿಯುಸಿ ಅಂಕ, ಸಿಇಟಿ ರ‍್ಯಾಂಕ್ ಎಂದಷ್ಟೇ ಆಗಿರುವ ನಮ್ಮ ಮನೆಗಳಲ್ಲಿ ಇಂಥ ಉಡುಗೊರೆ ಎಷ್ಟು ಮಕ್ಕಳ ಕೈ ಸೇರುತ್ತದೆ?

1928ರಲ್ಲಿ, ಆಕ್ಸ್‌ಫರ್ಡ್ ಸೇರುವ ಮುನ್ನ, ಹೆತ್ತವರು ಆಗ ಉತ್ಖನನ ನಡೆಸುತ್ತಿದ್ದ ಜೋರ್ಡಾನಿನ ಜೆರಾಶ್‌ಗೆ ಹೋಗಿ ಡೊರೊತಿ ಹಳೆಯ ಚರ್ಚುಗಳ ನೆಲದ ಮೊಸಾಯಿಕ್ ವಿನ್ಯಾಸಗಳನ್ನು ಬರೆದುಕೊಟ್ಟಳು. ಅದು ಮಗುವನ್ನು ಸುಮ್ಮನಿರಿಸಲು ಕೊಟ್ಟ ಕೆಲಸವಲ್ಲ, ಉತ್ಖನನದ ದಾಖಲೆಗೇ ಬೇಕಾದ ಕೆಲಸ. ಅಲ್ಲಿನ ಗಾಜಿನ ಬಿಲ್ಲೆಗಳನ್ನು ಮುಂದೆ ಆಕ್ಸ್‌ಫರ್ಡಿನ ಪ್ರಯೋಗಶಾಲೆಯಲ್ಲಿ ವಿಶ್ಲೇಷಿಸಿದಳು. ಅಪ್ಪ ಅಮ್ಮನ ಪುರಾತತ್ತ್ವವೂ ಮಗಳ ರಸಾಯನವಿಜ್ಞಾನವೂ ಅಲ್ಲಿ ಒಂದಾದವು.

ಮುಂದೆ ವಿಜ್ಞಾನಿಯಾದ ಡೊರೊತಿ ಇನ್ಸುಲಿನ್ ಹರಳಿನ ಎಕ್ಸ್-ಕಿರಣ ಚಿತ್ರಗಳನ್ನು 1935ರಲ್ಲೇ ಪ್ರಕಟಿಸಿದ್ದರು. ಅದರ ರಚನೆಯನ್ನು ಅವರ ತಂಡ ಪೂರ್ತಿ ಬಿಡಿಸಿದ್ದು 1969ರಲ್ಲಿ. ಆ ತಂಡದಲ್ಲಿದ್ದ ಎಂ. ವಿಜಯನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಪ್ರೋಟೀನ್ ಹರಳುಗಳ ಅಧ್ಯಯನಕ್ಕೆ ಇಲ್ಲಿ ತಳಪಾಯ ಹಾಕಿದರು.