ಬೇಸಗೆಯ ಬಿರುಮಳೆ ಮತ್ತು ಅದರ ಕ್ಷೇತ್ರಶೋಧನೆ

ವೈಶಾಖದ ಮಧ್ಯಾಹ್ನ. ಕಲಘಟಗಿ ತಾಲೂಕಿನ ದೇವಿಕೊಪ್ಪದ ಸುತ್ತಿನ ಹೊಲಗಳು ಕೂರಿಗೆ ಭತ್ತದ ಬಿತ್ತನೆಗಾಗಿ ಸಿದ್ಧವಾಗುತ್ತಿರುತ್ತವೆ. ಮಾವಿನ ಮರಗಳಲ್ಲಿ ಕಾಯಿ ಬಲಿತು ತೂಗುತ್ತಿರುತ್ತದೆ. ಮುಂಜಾನೆಯಿಂದ ಎಲೆಯೊಂದೂ ಅಲುಗದಂತಹ ಸೆಕೆ. ಮೂರು ಗಂಟೆಯ ಸುಮಾರಿಗೆ ಬಾನಂಚಿನಲ್ಲಿ ಅರಳೆಯ ರಾಶಿಯಂತೆ ಬೆಳ್ಮುಗಿಲೊಂದು ಏಳುತ್ತದೆ. ನಾಲ್ಕು ಗಂಟೆಗೆ ಅದರ ತಲೆ ಚಪ್ಪಟೆಯಾಗಿ ಹರಡಿ, ಬುಡ ಕಪ್ಪಾಗುತ್ತದೆ. ಅನಂತರ ಒಮ್ಮಿಂದೊಮ್ಮೆಲೆ ತಂಪುಗಾಳಿಯೊಂದು ಧೂಳನ್ನೆಬ್ಬಿಸಿಕೊಂಡು ನುಗ್ಗುತ್ತದೆ. ಬಣವೆಯ ಹೊದಿಕೆ ಹಾರುತ್ತದೆ, ಕೊಟ್ಟಿಗೆಯ ತಗಡು ಕಿತ್ತು ಹೋಗುತ್ತದೆ, ಮಾವಿನಕಾಯಿ ನೆಲಕ್ಕುದುರುತ್ತವೆ. ಗುಡುಗು, ಮಿಂಚು, ಕೆಲವೊಮ್ಮೆ ಆಲಿಕಲ್ಲು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದು ಬಾನು ತಿಳಿಯಾಗುತ್ತದೆ. ಎರಡು ಹರದಾರಿ ಆಚೆಯ ಊರಿನಲ್ಲಿ ಅದೇ ದಿನ ಒಂದು ಹನಿಯೂ ಬಿದ್ದಿರುವುದಿಲ್ಲ.

ಒಕ್ಕಲಿಗನಿಗೆ ಈ ಮಳೆ ಬೇಕಾದುದೂ ಹೌದು, ಭಯವನ್ನು ತರುವುದೂ ಹೌದು. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ನೆಲವನ್ನು ಮೆತ್ತಗೆ ಮಾಡಿ ಉಳುಮೆಗೆ ಒದಗಿಸುತ್ತವೆ. ಆದರೆ ಹೊಲದಲ್ಲಿರುವ ಆಳನ್ನೂ ಎತ್ತನ್ನೂ ಸಿಡಿಲು ಬಲಿ ತೆಗೆದುಕೊಳ್ಳುವುದೂ ಇದೇ ದಿನಗಳಲ್ಲಿ. ಸರಕಾರದ ಲೆಕ್ಕದಂತೆ 2022ನೆಯ ವರ್ಷವೊಂದರಲ್ಲಿಯೇ ಭಾರತದಲ್ಲಿ ಸಿಡಿಲಿನಿಂದ ಮಡಿದವರು 2,887 ಜನ. ಆದುದರಿಂದ ಇಷ್ಟು ಚಿಕ್ಕದಾದ, ಇಷ್ಟು ಬೇಗ ಬಂದು ಹೋಗುವ ಈ ಬಿರುಮಳೆಯನ್ನು ಮನುಷ್ಯನು ಹೇಗೆ ಅರಿತುಕೊಂಡನು, ಆ ಅರಿವು ಹೊಲದಲ್ಲಿರುವವನಿಗೆ ಎಷ್ಟರಮಟ್ಟಿಗೆ ತಲುಪಿದೆ ಎಂಬುದು ವಿಚಾರಾರ್ಹವಾದ ಸಂಗತಿ.

ಮುಗಿಲನ್ನು ನೋಡಿ ಮಳೆಯನ್ನು ತಿಳಿಯುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಉಗ್ರಾಣದಲ್ಲಿ ಒಂದು ಮೊಳ ಬಾಯಗಲದ ಕುಂಡವನ್ನಿರಿಸಿ ಮಳೆಯನ್ನಳೆಯಬೇಕೆಂದು ವಿಧಿಸುತ್ತದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘ, ಗಾಳಿ, ಮಿಂಚುಗಳ ಲಕ್ಷಣಗಳನ್ನು ಅಧ್ಯಾಯ ಅಧ್ಯಾಯವಾಗಿ ವಿವರಿಸಿದ್ದಾನೆ. ಕನ್ನಡದಲ್ಲಿಯೂ ಸುಮಾರು 1300ರ ಕಾಲದ ರಟ್ಟಕವಿಯ ‘ರಟ್ಟಮತ’ವು ಮಳೆ, ಸಿಡಿಲು, ಭೂಕಂಪ ಮೊದಲಾದವನ್ನು ಕುರಿತ ಗ್ರಂಥ. ಇವುಗಳಲ್ಲಿ ಶಕುನದ ಅಂಶ ಬಹಳವಾಗಿ ಬೆರೆತಿದೆ ಎಂಬುದು ನಿಜ. ಆದರೆ ಬಾನನ್ನು ದಿನದಿನವೂ ಕಣ್ಣಿಟ್ಟು ನೋಡಿ ಕಂಡುದನ್ನು ಬರೆದಿಡಬೇಕೆಂಬ ಶ್ರದ್ಧೆ ಈ ಗ್ರಂಥಗಳ ಹಿಂದೆ ಇದೆ. ಇಂದಿನ ವಿಜ್ಞಾನಕ್ಕೂ ಆ ಶ್ರದ್ಧೆಯೇ ತಳಹದಿ.

ಈಗ ಬಿರುಮಳೆ ಹುಟ್ಟುವ ಬಗೆಯನ್ನು ನೋಡಬಹುದು. ಬೇಸಗೆಯಲ್ಲಿ ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾಯ್ದು ತೆಂಕಣಕ್ಕೆ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ಏರ್ಪಡುತ್ತದೆ. ಅಲ್ಲಿ ಬೇರೆ ಬೇರೆ ದಿಕ್ಕಿನ ಗಾಳಿಗಳು ಸಂಧಿಸುತ್ತವೆ. ಸಮುದ್ರದ ಕಡೆಯಿಂದ ಬಂದ ಹಸಿಗಾಳಿಯು ಕಾದ ನೆಲದ ಮೇಲೆ ಬಿಸಿಯಾಗಿ, ಹಗುರವಾಗಿ ಮೇಲೇರುತ್ತದೆ. ಏರಿದಂತೆ ತಣಿಯುತ್ತದೆ, ತಣಿದಂತೆ ಅದರಲ್ಲಿಯ ನೀರಾವಿ ಹನಿಗಟ್ಟುತ್ತದೆ. ಹನಿಗಟ್ಟುವಾಗ ಹೊರಬೀಳುವ ಶಾಖವು ಆ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ತನ್ನ ಬಲವನ್ನು ತಾನೇ ಹೆಚ್ಚಿಸಿಕೊಳ್ಳುತ್ತ ಮುಗಿಲು ಹನ್ನೆರಡು ಕಿಲೋಮೀಟರಿಗೂ ಮೇಲೆ ತಲೆಯೆತ್ತುವುದುಂಟು. ಸುಮಾರು 5 ಕಿಲೋಮೀಟರಿನ ಮೇಲೆ ನೀರು ಹೆಪ್ಪುಗಟ್ಟುವ ಚಳಿ. ಅಲ್ಲಿ ಮಂಜಿನ ಹರಳುಗಳೂ ಹಿಮದ ಕಾಳುಗಳೂ ಒಂದಕ್ಕೊಂದು ತಾಗಿ ವಿದ್ಯುತ್ತು ಧನ, ಋಣಗಳಾಗಿ ಬೇರ್ಪಡುತ್ತದೆ. ಅದೇ ಮಿಂಚಿನ ಮೂಲ.

ಇನ್ನು ಮಳೆಗಿಂತ ಮುಂಚೆ ಬೀಸುವ ಆ ತಂಪುಗಾಳಿ. ಮುಗಿಲಿನಿಂದ ಇಳಿಯುವ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಒಂದಷ್ಟು ಆವಿಯಾಗಿ ಹೋಗುತ್ತವೆ. ನೀರು ತಳಿದ ಅಂಗಳ ತಂಪಾಗುವಂತೆ ಆಗ ಗಾಳಿಯೂ ತಣ್ಣಗಾಗಿ, ಭಾರವಾಗಿ, ರಭಸದಿಂದ ಕೆಳಕ್ಕೆ ಕುಸಿಯುತ್ತದೆ. ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಇದನ್ನು ‘ಇಳಿಗಾಳಿ’ ಎನ್ನೋಣ. ಜನರ ಮಾತಿನಲ್ಲಿ ಎಲ್ಲ ಉಗ್ರಗಾಳಿಯೂ ಸುಂಟರಗಾಳಿಯೇ. ಶಾಸ್ತ್ರದಲ್ಲಿ ಮಾತ್ರ ಮೂರು ಬಗೆಗಳನ್ನು ಬೇರೆ ಮಾಡಬೇಕು. ನವಲಗುಂದ, ಅಣ್ಣಿಗೇರಿಗಳ ಎರೆನೆಲದ ಬಯಲಿನಲ್ಲಿ ಬಿಸಿಲೇರಿದಾಗ ಧೂಳನ್ನು ಕಂಬದಂತೆ ಸುತ್ತಿಸುವುದು ಬರಿಯ ಸುಳಿಗಾಳಿ. ಅದು ನೆಲದಲ್ಲಿ ಹುಟ್ಟಿ ನೆಲದಲ್ಲಿಯೇ ಅಳಿಯುತ್ತದೆ, ಅದಕ್ಕೆ ಮುಗಿಲು ಬೇಡ. ಇಳಿಗಾಳಿಯು ಮುಗಿಲಿನಿಂದ ಇಳಿದು ಹರಡುವಂತಹುದು. ನಿಜವಾದ ಸುಂಟರಗಾಳಿಯು ಬಿರುಮುಗಿಲಿಗೂ ನೆಲಕ್ಕೂ ತಗಲಿಕೊಂಡು ತಿರುಗುವ ಸೊಂಡಿಲು. ಈ ಕೊನೆಯದು ನಮ್ಮ ನಾಡಿನಲ್ಲಿ ಅಪರೂಪ. ಇಲ್ಲಿ ತಗಡು ಹಾರಿಸಿ ಮರ ಕೆಡಹುವುದು ಸಾಮಾನ್ಯವಾಗಿ ಇಳಿಗಾಳಿಯೇ.

ಇಷ್ಟನ್ನು ತಿಳಿಯುವುದು ಸುಲಭವಾಗಿರಲಿಲ್ಲ. ಭಾರತೀಯ ಹವಾಮಾನ ಇಲಾಖೆ 1875ರಲ್ಲಿಯೇ ಸ್ಥಾಪಿತವಾದರೂ ಬಿರುಮಳೆಯು ಉಪಕರಣಗಳ ಕಣ್ಣು ತಪ್ಪಿಸುವ ವಸ್ತು. ಮೇಲಿನ ಗಾಳಿಯ ಉಷ್ಣತೆ, ತೇವಗಳನ್ನಳೆಯುವ ಬಲೂನುಗಳನ್ನು ವಾಡಿಕೆಯಂತೆ ಹಾರಿಸುವುದು ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ ಐದೂವರೆಯ ಹಾಗೂ ಸಂಜೆ ಐದೂವರೆಯ ಸುಮಾರಿಗೆ. ಮುಗಿಲು ಮೈದುಂಬುವುದಾದರೋ ಈ ಎರಡರ ನಡುವೆ. ರಾಡಾರಿಗೂ ಮಿತಿಯುಂಟು. ಭೂಮಿ ಗುಂಡಾಗಿರುವುದರಿಂದ ರಾಡಾರಿನ ಕಿರಣವು ದೂರ ಹೋದಂತೆ ನೆಲದಿಂದ ಮೇಲೇಳುತ್ತದೆ. ಗೋವೆಯ ಡಾಪ್ಲರ್ ರಾಡಾರಿನ ಕಿರಣವು ಕಲಘಟಗಿಯ ಸೀಮೆಗೆ ಬರುವಷ್ಟರಲ್ಲಿ ನೆಲದಿಂದ ಬಹಳಷ್ಟು ಎತ್ತರದಲ್ಲಿರುತ್ತದೆ. ಮುಗಿಲಿನ ಒಡಲು ಅದಕ್ಕೆ ಕಾಣಬಹುದು. ಕೊಟ್ಟಿಗೆಯನ್ನು ಕೆಡಹುವ ನೆಲಮಟ್ಟದ ಗಾಳಿ ಕಾಣಲಾರದು. ಆದುದರಿಂದ ಬಿರುಮಳೆಯನ್ನು ಅರಿಯಬಯಸುವವರು ಅದು ಬೀಳುವಲ್ಲಿಗೇ ಹೋಗಬೇಕಾಯಿತು.

ಹೀಗೆ ಹೋದವರಲ್ಲಿ ಜಪಾನಿನಲ್ಲಿ ಹುಟ್ಟಿ ಅಮೇರಿಕೆಯ ಶಿಕಾಗೋದಲ್ಲಿ ನೆಲಸಿದ ಫುಜಿತಾ (1920–1998) ಅಗ್ರಗಣ್ಯರು. ಸುಂಟರಗಾಳಿಯ ಬಲವನ್ನು ಅದು ಮಾಡಿದ ಹಾನಿಯಿಂದಲೇ ಅಳೆಯುವ ಶ್ರೇಣಿಯನ್ನು ಅವರು 1971ರಲ್ಲಿ ರಚಿಸಿದರು. 1974ರ ಏಪ್ರಿಲ್ 3 ಮತ್ತು 4ರಂದು ಆ ದೇಶದಲ್ಲಿ ನೂರಕ್ಕೂ ಮಿಕ್ಕಿದ ಸುಂಟರಗಾಳಿಗಳು ಎದ್ದಾಗ ವಿಮಾನದಿಂದ ಅವುಗಳ ಜಾಡನ್ನು ಪರೀಕ್ಷಿಸಿದರು. ಕೆಲವೆಡೆ ಮರಗಳು ಸುತ್ತಿ ತಿರುಚಿ ಬಿದ್ದಿರಲಿಲ್ಲ. ಒಂದು ನಡುಬಿಂದುವಿನಿಂದ ಹೊರಮುಖವಾಗಿ, ಬಂಡಿಯ ಗಾಲಿಯ ಅರಗಳಂತೆ ಹರಡಿ ಬಿದ್ದಿದ್ದವು. ಪರಮಾಣು ಬಾಂಬಿಗೆ ತುತ್ತಾದ ನಾಗಾಸಾಕಿಯಲ್ಲಿ ಅವರು ತಾರುಣ್ಯದಲ್ಲಿ ಕಂಡ ಹಾನಿಯ ನೆನಪು ಇಲ್ಲಿ ನೆರವಿಗೆ ಬಂದಿತು. ಮೇಲಿನಿಂದ ಬಂದು ಬಡಿದು ಹರಡಿದ ಗಾಳಿಯೇ ಇದಕ್ಕೆ ಕಾರಣವೆಂದು ಅವರು ತರ್ಕಿಸಿದರು. ಮೊದಲು ಹಲವರು ಒಪ್ಪಲಿಲ್ಲ. 1978ರಲ್ಲಿ ಶಿಕಾಗೋದ ಬಳಿ ನಡೆಸಿದ ಕ್ಷೇತ್ರಪ್ರಯೋಗದಲ್ಲಿ ರಾಡಾರುಗಳೇ ಆ ಇಳಿಗಾಳಿಯನ್ನು ಹಿಡಿದು ತೋರಿದವು. ಬಿದ್ದ ಮರವೂ ಓದಬಲ್ಲವನಿಗೆ ಶಾಸನವೇ ಸರಿ.

ನಮ್ಮ ದೇಶದಲ್ಲಿ ಬಿರುಮಳೆಯ ಉಗ್ರರೂಪ ಕಾಣುವುದು ಬಂಗಾಳದ ಸೀಮೆಯಲ್ಲಿ. ಅಲ್ಲಿ ಇದಕ್ಕೆ ‘ಕಾಲಬೈಶಾಖಿ’ ಎಂದು ಹೆಸರು. ನೆರೆಯ ಬಾಂಗ್ಲಾದೇಶದ ಮಾಣಿಕ್‌ಗಂಜ್ ಪ್ರಾಂತದಲ್ಲಿ 1989ರ ಏಪ್ರಿಲ್ 26ರಂದು ಎದ್ದ ಒಂದೇ ಸುಂಟರಗಾಳಿಗೆ ಸುಮಾರು 1,300 ಜನ ಬಲಿಯಾದರು. ಇಂತಹ ಮುಗಿಲುಗಳನ್ನು ಅಭ್ಯಸಿಸಲು ಭಾರತವು ‘ಸ್ಟಾರ್ಮ್’ ಎಂಬ ಯೋಜನೆಯನ್ನು ಕೈಗೊಂಡು 2006 ಮತ್ತು 2007ರ ಬೇಸಗೆಗಳಲ್ಲಿ ಪೂರ್ವ, ಈಶಾನ್ಯ ಪ್ರಾಂತಗಳಲ್ಲಿ ಮೊದಲ ಕ್ಷೇತ್ರಪ್ರಯೋಗಗಳನ್ನು ನಡೆಸಿತು. ವಾಡಿಕೆಯ ಎರಡು ಹೊತ್ತಿನ ನಡುವೆಯೂ ಬಲೂನುಗಳನ್ನು ಹಾರಿಸಿ, ಮುಗಿಲು ಹುಟ್ಟುವ ಮುನ್ನ ಗಾಳಿ ಹೇಗೆ ಅಣಿಯಾಗುತ್ತದೆಂಬುದನ್ನು ಅಳೆಯುವುದು ಈ ಪ್ರಯೋಗಗಳ ಬಗೆ.

ಅಮೇರಿಕೆಯ ಆಗ್ನೇಯ ಪ್ರಾಂತದ ಅನುಭವವು ದೇವಿಕೊಪ್ಪದಂತಹ ಕಾಡಂಚಿನ ಊರಿಗೆ ಇನ್ನೂ ಹತ್ತಿರವಾದುದು. ಅಲ್ಲಿಯ ಅಲಬಾಮಾ ಬಟ್ಟಬಯಲಲ್ಲ. ಗುಡ್ಡ, ಕಾಡುಗಳಿರುವ ಸೀಮೆ. ಬರುವ ಗಾಳಿ ಮರಗಳ ಮರೆಯಲ್ಲಿರುತ್ತದೆ. ಎಷ್ಟೋ ಸಲ ರಾತ್ರಿಯ ಹೊತ್ತು ಬರುತ್ತದೆ. 2011ರ ಏಪ್ರಿಲ್ 27ರಂದು ಅದೊಂದೇ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಮುನ್ನೆಚ್ಚರಿಕೆ ಇರಲಿಲ್ಲವೆಂದಲ್ಲ, ಬಹುಮಟ್ಟಿಗೆ ಇದ್ದಿತು. ಆದರೂ ಇಷ್ಟು ಸಾವು ಏಕೆ? ಈ ಪ್ರಾಂತಕ್ಕೆಂದೇ 2016ರಿಂದ ‘ವೋರ್ಟೆಕ್ಸ್ ಆಗ್ನೇಯ’ ಎಂಬ ಕ್ಷೇತ್ರಶೋಧನೆ ನಡೆಯಿತು. ವಿಜ್ಞಾನಿಗಳು ವಾಹನಗಳ ಮೇಲೆ ರಾಡಾರು ಹೊತ್ತು ಗುಡ್ಡಗಳ ನಡುವೆ ಕಾದರು. ಅವರ ಜೊತೆಗೆ ಸಮಾಜಶಾಸ್ತ್ರಜ್ಞರೂ ಇದ್ದುದು ಇದರ ವೈಶಿಷ್ಟ್ಯ. ಎಚ್ಚರಿಕೆ ಜನರಿಗೆ ಯಾವ ದಾರಿಯಿಂದ ಮುಟ್ಟುತ್ತದೆ, ಮುಟ್ಟಿದ ಮೇಲೆ ಅವರೇನು ಮಾಡುತ್ತಾರೆ, ಗಟ್ಟಿಯಾದ ಮನೆಯಿಲ್ಲದವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಂಡರು. ಮುಗಿಲನ್ನು ತಿಳಿದರೆ ಸಾಲದು, ಮುಗಿಲ ಕೆಳಗಿನ ಮನುಷ್ಯನನ್ನೂ ತಿಳಿಯಬೇಕೆಂಬುದು ಅದರ ತಾತ್ಪರ್ಯ.

ಕನ್ನಡದ ಮಾತು ಕೇಳಿಬರುವ ನೆಲದಲ್ಲಿಯೂ ಮುಗಿಲಿನ ಶೋಧ ನಡೆದಿದೆ. ಸಿದ್ಧರಾಮೇಶ್ವರರ ಸೊಲ್ಲಾಪುರದಲ್ಲಿ ಪುಣೆಯ ಉಷ್ಣವಲಯ ಹವಾವಿಜ್ಞಾನ ಸಂಸ್ಥೆಯು 2018 ಮತ್ತು 2019ರ ಮಳೆಗಾಲದಲ್ಲಿ ವಿಮಾನ, ರಾಡಾರು, ಮಳೆಮಾಪಕಗಳೊಡನೆ ಮುಗಿಲುಗಳನ್ನು ಪರೀಕ್ಷಿಸಿತು. ಅದು ಮೋಡ ಬಿತ್ತನೆಯ ಪ್ರಯೋಗವಾದರೂ ಮಳೆನೆರಳಿನ ನಾಡಿನ ಮುಗಿಲಿನ ಒಳಹೂರಣ ಎಂತಹುದೆಂಬ ಅರಿವು ಅದರಿಂದ ಹೆಚ್ಚಿತು. ಕರ್ನಾಟಕದಲ್ಲಿ 1988ರಲ್ಲಿ ಬರದ ಮೇಲ್ವಿಚಾರಣೆಗೆಂದು ಹುಟ್ಟಿದ ಘಟಕವು ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗಳ ಮಟ್ಟಕ್ಕೆ ತಾನಾಗಿಯೇ ಅಳೆಯುವ ಮಳೆಮಾಪಕಗಳನ್ನು ತಂದಿತು. ಆ ಕೇಂದ್ರದ ‘ಸಿಡಿಲು’, ಪುಣೆಯ ಸಂಸ್ಥೆಯ ‘ದಾಮಿನಿ’ ಎಂಬ ಸಾಧನಗಳು ಸಮೀಪದ ಮಿಂಚಿನ ಸುಳಿವನ್ನು ಮೊಬೈಲ್ ಫೋನಿಗೆ ಮುಟ್ಟಿಸಲು ರಚಿತವಾದವು.

ಆದರೆ ಫೋನು ಮನೆಯ ಗೂಡಿನಲ್ಲಿದ್ದು, ದನ ಕಾಯುವವನು ಅಡವಿಯಲ್ಲಿದ್ದರೆ ಏನು ಫಲ? ಅಲ್ಲಿ ಅವನಿಗೆ ಆಸರೆ ಕಣ್ಣು, ಕಿವಿಗಳೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಶಬ್ದವು ಒಂದು ಕಿಲೋಮೀಟರು ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ; ಮುಂದಿನದು ತಲೆಯ ಮೇಲೆಯೇ ಬೀಳಬಹುದು. ಆಗ ಬಯಲನ್ನು ಬಿಟ್ಟು ಗಟ್ಟಿ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗಿನ ಅನಂತರ ಅರ್ಧ ಗಂಟೆ ಹೊರಗೆ ಬರಬಾರದು.

ಮಳೆ ಬಂದಾಗ ಮರದ ಬುಡಕ್ಕೆ ಓಡುವುದು ಮನುಷ್ಯನ ಸಹಜವಾದ ರೂಢಿ. ಬಿಸಿಲಿನಲ್ಲಿ ನೆರಳನ್ನಿತ್ತ ಹುಣಸೆಯ ಮರ ಗುಡುಗಿನಲ್ಲಿ ಮೃತ್ಯುವಿನ ಬಾಗಿಲಾಗುತ್ತದೆ. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವನ ಮೈಗೆ ಹಾರುತ್ತದೆ, ನೆಲದಗುಂಟ ಹರಡುತ್ತದೆ. ಕಾಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮುಂಗಾಲು, ಹಿಂಗಾಲುಗಳು ದೂರವಿರುವ ದನಗಳು ಒಂದೇ ಸಿಡಿಲಿಗೆ ಸಾಲಾಗಿ ಸಾಯುವುದಕ್ಕೆ ಇದೇ ಕಾರಣ. ಸಿಡಿಲು ಬಡಿದವನನ್ನು ಮುಟ್ಟಬಾರದೆಂಬ ನಂಬಿಕೆ ತಪ್ಪು. ಅವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ತಡಮಾಡದೆ ಎದೆಯನ್ನೊತ್ತಿ ಉಸಿರು ಕೊಟ್ಟು, ಆಸ್ಪತ್ರೆಗೆ ಸಾಗಿಸಬೇಕು. ಆ ಕೆಲವು ನಿಮಿಷಗಳಲ್ಲಿ ಪ್ರಾಣ ಉಳಿದ ಉದಾಹರಣೆಗಳುಂಟು.

ವಿದ್ಯಾರ್ಥಿಗಳು ಈ ಶೋಧನೆಯಲ್ಲಿ ಪಾಲುಗೊಳ್ಳಲು ರಾಡಾರೇ ಬೇಕೆಂದಿಲ್ಲ. ಮೊದಲ ಗುಡುಗು ಕೇಳಿದ ಹೊತ್ತು, ಗಾಳಿ ಬೀಸಿದ ದಿಕ್ಕು, ಆಲಿಕಲ್ಲು ಬಟಾಣಿಯಷ್ಟೋ ಲಿಂಬೆಹಣ್ಣಿನಷ್ಟೋ ಎಂಬುದು, ಬಿದ್ದ ಮರಗಳು ಯಾವ ಕಡೆಗೆ ತಲೆಮಾಡಿ ಮಲಗಿವೆ ಎಂಬುದು, ಇಷ್ಟನ್ನು ಬಿರುಮಳೆ ನಿಂತು ಹೊರಗೆ ಹೋಗುವುದು ಸುರಕ್ಷಿತವಾದ ಮೇಲೆ ಒಂದು ವಹಿಯಲ್ಲಿ ಬರೆದಿಟ್ಟರೆ ಹತ್ತು ಬೇಸಗೆಗಳಲ್ಲಿ ಅದು ಆ ಸೀಮೆಯ ಬಿರುಮಳೆಯ ಚರಿತ್ರೆಯಾಗುತ್ತದೆ. ಅದರ ಜೊತೆಗೆ, ಮನೆಗೆ ಹೋದ ಹುಡುಗನು ಮರದಡಿ ನಿಲ್ಲಬಾರದೆಂಬ ಮಾತನ್ನು ದನ ಹೊಡೆದುಕೊಂಡು ಹೊರಟ ಅಜ್ಜನಿಗೆ ಹೇಳಿದರೆ, ಶಿಕಾಗೋದಿಂದ ಸೊಲ್ಲಾಪುರದವರೆಗೆ ನಡೆದ ಶೋಧನೆಯ ಫಲವು ಅದು ಸೇರಬೇಕಾದ ಕಡೆಗೆ ಸೇರಿದಂತಾಗುತ್ತದೆ.