ಕುರುವೋ, ಮೂಲವ್ಯಾಧಿಯೋ, ಭಗಂದರವೋ?

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವ ದೂರದರ್ಶನದಲ್ಲಿ ಗುದದ್ವಾರದ ಕಾಯಿಲೆಯ ಮಾತು ಬಂದರೆ ಹಿರಿಯರು ಕೆಮ್ಮುತ್ತಾರೆ, ಕಿರಿಯರು ಎದ್ದು ಒಳಗೆ ಹೋಗುತ್ತಾರೆ. ಅಚ್ಚಿನಲ್ಲಿ ಆ ಮುಜುಗರವಿಲ್ಲ. ಒಬ್ಬರೇ ಕುಳಿತು ಓದಬಹುದು, ಬೇಕಾದರೆ ಎರಡನೆಯ ಸಲವೂ ಓದಬಹುದು. ಆದ್ದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು.

ಸಿದ್ದಾಪುರ ತಾಲ್ಲೂಕಿನ ಕೋಲಸಿರ್ಸಿಯ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಎಂದಿಟ್ಟುಕೊಳ್ಳಿ. ಕೊನೆಕೊಯ್ಲಿನ ಕಾಲ. ರಾತ್ರಿ ಹತ್ತು ಗಂಟೆಯವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯಬೇಕು. ಆದರೆ ಎರಡು ದಿನಗಳಿಂದ ಅವರಿಗೆ ಕೂರಲು ಆಗುತ್ತಿಲ್ಲ. ಗುದದ್ವಾರದ ಪಕ್ಕದಲ್ಲಿ ಗಟ್ಟಿಯಾಗಿ ಊದಿಕೊಂಡಿದೆ, ಸಿಡಿಯುವಂತೆ ನೋವು, ಸಂಜೆ ಮೈ ಬಿಸಿ. "ಉಷ್ಣವಾಗಿದೆ" ಎಂದು ಮನೆಯಲ್ಲಿ ಮುರುಗಲು ಪಾನಕ ಕೊಡುತ್ತಾರೆ. ಬಲ್ಲವರೊಬ್ಬರು "ಮೂಲವ್ಯಾಧಿ ಇರಬೇಕು" ಎನ್ನುತ್ತಾರೆ. ನಾಲ್ಕನೆಯ ದಿನ ಅದು ತಾನೇ ಒಡೆದು ಕೀವು ಹರಿಯುತ್ತದೆ, ನೋವು ಇಳಿಯುತ್ತದೆ. ಅವರು ಮತ್ತೆ ಸುಲಿಯಲು ಕೂರುತ್ತಾರೆ. ಎರಡು ತಿಂಗಳ ನಂತರ ಅದೇ ಜಾಗದಲ್ಲಿ ಸಣ್ಣ ಗುಳ್ಳೆ, ಪಂಚೆಯ ಮೇಲೆ ಹಳದಿ ಕಲೆ. ಹೀಗೆ ವರ್ಷಗಟ್ಟಲೆ.

ಇದು ಉಷ್ಣದಿಂದ ಆದದ್ದಲ್ಲ, ಮೂಲವ್ಯಾಧಿಯೂ ಅಲ್ಲ. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ರಕ್ತ ಹೋಗುತ್ತದೆ, ನೋವು ಕಡಿಮೆ. ಗುದದ್ವಾರದ ಸೀಳಿನಲ್ಲಿ ಮಲವಿಸರ್ಜನೆಯ ಹೊತ್ತಿಗೆ ಬ್ಲೇಡಿನಿಂದ ಕೊಯ್ದಂತೆ ನೋವಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಕುರುವಿನ ನೋವಿಗೆ ಮಲವಿಸರ್ಜನೆಯ ಹಂಗಿಲ್ಲ. ಹಗಲು ರಾತ್ರಿ ಎನ್ನದೆ ಏರುತ್ತಲೇ ಹೋಗುತ್ತದೆ. ಈ ಮೂರು ನೋವುಗಳ ಗುಣವನ್ನು ಗುರುತಿಸಿಕೊಂಡರೆ ಅರ್ಧ ರೋಗನಿರ್ಣಯ ನಿಮ್ಮಿಂದಲೇ ಆದ ಹಾಗೆ.

ಕುರು ಹುಟ್ಟುವುದು ಹೊರಗಿನ ಚರ್ಮದಲ್ಲಲ್ಲ, ಒಳಗೆ. ಗುದನಾಳದ ಒಳಗೋಡೆಯಲ್ಲಿ, ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಮೇಲೆ, ಲೋಳೆ ಸ್ರವಿಸುವ ಕೆಲವು ಸಣ್ಣ ಗ್ರಂಥಿಗಳಿವೆ. ಅವುಗಳಲ್ಲಿ ಒಂದರ ಬಾಯಿ ಕಟ್ಟಿ, ಒಳಗೆ ಸೋಂಕು ಹತ್ತಿದರೆ ಕೀವು ಕೂಡುತ್ತದೆ. ಆ ಕೀವು ಸ್ನಾಯುಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಚರ್ಮದ ಕಡೆಗೆ ಬರುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ಅಲನ್ ಪಾರ್ಕ್ಸ್ 1961ರಲ್ಲಿ ಈ ಗ್ರಂಥಿಗಳ ಪಾತ್ರವನ್ನು ವಿವರಿಸಿದರು. ಹೆಚ್ಚಿನ ಕುರುಗಳಿಗೆ ಇಂದಿಗೂ ಒಪ್ಪಿತವಾದ ಕಾರಣ ಇದೇ. ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು, ಅದರಲ್ಲೂ ದುಡಿಯುವ ವಯಸ್ಸಿನವರಲ್ಲಿ.

ಕುರುವಿನ ಚಿಕಿತ್ಸೆಯಲ್ಲಿ ಚರ್ಚೆಗೆ ಅವಕಾಶ ಕಡಿಮೆ. ಕೂಡಿದ ಕೀವನ್ನು ಕೊಯ್ದು ಹೊರಗೆ ಬಿಡಬೇಕು, ಅದೂ ಬೇಗ. ಬರೀ ಆಂಟಿಬಯೋಟಿಕ್ ಮಾತ್ರೆ ನುಂಗಿ ಕಾಯುವುದರಿಂದ ಪ್ರಯೋಜನವಿಲ್ಲ. ಕೀವಿನ ಚೀಲದೊಳಗೆ ಔಷಧಿ ಸರಿಯಾಗಿ ಇಳಿಯುವುದೇ ಇಲ್ಲ. ಜ್ವರ ಹೆಚ್ಚಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಕೆಂಪು ಹರಡುತ್ತಿದ್ದರೆ ಮಾತ್ರೆಗಳೂ ಬೇಕಾಗುತ್ತವೆ, ಆದರೆ ಕೊಯ್ಯುವುದರ ಜೊತೆಗೆ. ಸುಟ್ಟ ಈರುಳ್ಳಿಯ ಪಟ್ಟು, ಅಗಸೆಯ ಪಟ್ಟು ಹಾಕಿ ಹಣ್ಣಾಗಲೆಂದು ಕಾಯುವ ರೂಢಿ ನಮ್ಮಲ್ಲಿದೆ. ಕೈಕಾಲಿನ ಸಣ್ಣ ಕುರುವಿಗೆ ಅದು ನಡೆದೀತು. ಇಲ್ಲಿ ಕಾದಷ್ಟೂ ಕೀವು ಆಳಕ್ಕೆ ಹರಡಿ ಹೊಸ ದಾರಿಗಳನ್ನು ಕೊರೆಯುತ್ತದೆ.

ಕೆಲವು ಕುರುಗಳು ಹೊರಗೆ ಕಾಣುವುದೇ ಇಲ್ಲ. ಊತವಿಲ್ಲ, ಕೆಂಪಿಲ್ಲ. ಆಳದಲ್ಲಿ ನೋವು, ಚಳಿ ಜ್ವರ, ಕೆಲವರಿಗೆ ಮೂತ್ರ ಕಟ್ಟುವುದು, ಇಷ್ಟೇ. ಇಂತಹವರನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಸಕ್ಕರೆ ಕಾಯಿಲೆಯವರಲ್ಲಿ ಆ ಭಾಗದ ಚರ್ಮ ಕಪ್ಪಾಗುತ್ತಿದ್ದರೆ, ದುರ್ವಾಸನೆ ಬರುತ್ತಿದ್ದರೆ, ಬೆಳಗಿನ ಬಸ್ಸಿಗೆ ಹೋದರಾಯಿತು ಎಂದು ಕಾಯಬೇಡಿ. ಕೊಳೆತ ಗಂಟೆಗಳ ಲೆಕ್ಕದಲ್ಲಿ ಹರಡುತ್ತದೆ, ಜೀವಕ್ಕೇ ಅಪಾಯ.

ಕುರು ಕೊಯ್ಸಿಕೊಂಡವರನ್ನು ಕೇಳಿದರೆ, ಕೊಯ್ದದ್ದಕ್ಕಿಂತ ದಿನವೂ ಗಾಯದೊಳಗೆ ಗಾಜ್ ಬಟ್ಟೆ ತುರುಕಿದ್ದೇ ಹೆಚ್ಚು ನೋವಾಯಿತು ಎನ್ನುತ್ತಾರೆ. ಹಾಗೆ ತುಂಬದಿದ್ದರೆ ಗಾಯ ಮೇಲೆ ಮುಚ್ಚಿ ಒಳಗೆ ಮತ್ತೆ ಕೀವಾಗುತ್ತದೆ ಎಂಬುದು ಹಳೆಯ ನಂಬಿಕೆ. ಇಂಗ್ಲೆಂಡಿನಲ್ಲಿ 400ಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಗಾಜ್ ತುಂಬದವರಿಗೆ ನೋವು ಕಡಿಮೆಯಿತ್ತು. ಅವರಲ್ಲಿ ಕುರು ಮರುಕಳಿಸಿದ್ದಾಗಲಿ ಭಗಂದರವಾದದ್ದಾಗಲಿ ಗಣನೀಯವಾಗಿ ಹೆಚ್ಚಾಗಲಿಲ್ಲ. ರಕ್ತ ನಿಲ್ಲಿಸಲು ಮೊದಲ ದಿನ ತುಂಬಬೇಕಾಗಬಹುದು. ಆಮೇಲೆ ದಿನವೂ ತುಂಬುವುದು ಅಗತ್ಯವೇ ಎಂದು ನಿಮ್ಮ ವೈದ್ಯರನ್ನು ವಿನಯದಿಂದ ಕೇಳಬಹುದು. ಬೋಗುಣಿಯ ಬೆಚ್ಚಗಿನ ನೀರಿನಲ್ಲಿ ದಿನಕ್ಕೆರಡು ಸಲ ಹತ್ತು ನಿಮಿಷ ಕೂರುವುದು ಹಿತಕರ.

ಕುರು ಒಡೆದ ಅಥವಾ ಕೊಯ್ದ ಮೇಲೆ ಬಹಳ ಮಂದಿಗೆ ಅಲ್ಲಿಗೇ ಮುಗಿಯುತ್ತದೆ. ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಒಳಗಿನ ಗ್ರಂಥಿಯಿಂದ ಹೊರಗಿನ ಚರ್ಮದವರೆಗೆ ಒಂದು ಕೊಳವೆ ಉಳಿದುಬಿಡುತ್ತದೆ. ಇದೇ ಭಗಂದರ, ವೈದ್ಯರ ಬಾಯಲ್ಲಿ ಫಿಸ್ಟುಲಾ.

ಗದ್ದೆ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಬದುವಿನಲ್ಲಿ ಏಡಿ ಬಿಲ ತೋಡಿದರೆ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಸೋರುತ್ತದೆ. ಕೆಳಗಿನ ಬಾಯಿಗೆ ಎಷ್ಟು ಮಣ್ಣು ಮೆತ್ತಿದರೂ ನಾಳೆ ಮತ್ತೆ ಸೋರುತ್ತದೆ. ಮೇಲಿನ ಬಾಯಿ ಹುಡುಕಬೇಕು. ಭಗಂದರದಲ್ಲಿಯೂ ಹೊರಗೆ ಕಾಣುವ ತೂತಿಗೆ ಮುಲಾಮು ಹಚ್ಚುವುದು ಕೆಳಗಿನ ಬಾಯಿಗೆ ಮಣ್ಣು ಮೆತ್ತಿದಂತೆಯೇ. ಒಂದು ಕಷ್ಟ ಮಾತ್ರ ಹೆಚ್ಚು. ಏಡಿಬಿಲವನ್ನು ಅಗೆದು ತೆರೆದು ಕಲ್ಲುಮಣ್ಣು ತುಂಬಬಹುದು. ಇಲ್ಲಿ ಬದುವಿನ ಜಾಗದಲ್ಲಿರುವುದು ಮಲವನ್ನು ಹಿಡಿದಿಡುವ ಎರಡು ಬಳೆಯಾಕಾರದ ಸ್ನಾಯುಗಳು. ಹೆಚ್ಚು ಅಗೆದರೆ ಹಿಡಿತವೇ ಹೋಗುತ್ತದೆ. ಭಗಂದರದ ಸಂಶೋಧನೆಯೆಲ್ಲ ತಿರುಗುವುದು ಈ ಒಂದು ಇಕ್ಕಟ್ಟಿನ ಸುತ್ತ.

ಅದೇ ಪಾರ್ಕ್ಸ್ 1976ರಲ್ಲಿ 400 ರೋಗಿಗಳ ಭಗಂದರಗಳನ್ನು ಪರಿಶೀಲಿಸಿ, ಕೊಳವೆ ಈ ಸ್ನಾಯುಗಳನ್ನು ಹೇಗೆ ದಾಟುತ್ತದೆ ಎಂಬುದರ ಮೇಲೆ ನಾಲ್ಕು ಬಗೆ ಮಾಡಿದರು. ಕೊಳವೆ ತಗ್ಗಿನಲ್ಲಿದ್ದು ಸ್ವಲ್ಪವೇ ಸ್ನಾಯುವನ್ನು ದಾಟಿದ್ದರೆ ಅದನ್ನು ಉದ್ದಕ್ಕೂ ಸೀಳಿ ತೆರೆದಿಡುತ್ತಾರೆ. ಗಾಯ ತಳದಿಂದ ಮಾಯುತ್ತಾ ಬರುತ್ತದೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಗುಣವಾಗುತ್ತದೆ. ಎತ್ತರದಲ್ಲಿ ದಾಟಿದ್ದರೆ ಸೀಳುವಂತಿಲ್ಲ. ಹೆಂಗಸರಲ್ಲಿ ಮುಂಭಾಗದ ಸ್ನಾಯು ಗಿಡ್ಡ, ಹೆರಿಗೆಯಲ್ಲಿ ಪೆಟ್ಟು ಬಿದ್ದಿರಲೂಬಹುದು. ಅಲ್ಲಿ ಇನ್ನೂ ಎಚ್ಚರಿಕೆ ಬೇಕು. ಸಂಕೋಚವಾದರೆ ಲೇಡಿ ಡಾಕ್ಟರನ್ನು ಕೇಳಿ ಪಡೆಯಿರಿ. ಆದರೆ ಹೆರಿಗೆಯ ವಿವರ ಮುಚ್ಚಿಡಬೇಡಿ.

ಹಾಗಾದರೆ ಮೊದಲ ಕೆಲಸ ನಕ್ಷೆ. ಅನುಭವಿ ಶಸ್ತ್ರವೈದ್ಯರ ಬೆರಳಿನ ಪರೀಕ್ಷೆಯಿಂದಲೇ ಸರಳ ಭಗಂದರದ ದಾರಿ ತಿಳಿಯುತ್ತದೆ. ಮರುಕಳಿಸಿದ್ದಕ್ಕೆ, ಎರಡು ಮೂರು ಬಾಯಿಗಳಿರುವುದಕ್ಕೆ ಎಂ.ಆರ್.ಐ. ಬೇಕು. ಸೇಂಟ್ ಮಾರ್ಕ್ಸ್‌ನಲ್ಲಿ ಮರುಕಳಿಸಿದ ಭಗಂದರದ 71 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಶಸ್ತ್ರಕ್ರಿಯೆಯೂ ಎಂ.ಆರ್.ಐ. ಚಿತ್ರವೂ ಒಂದಕ್ಕೊಂದು ಹೊಂದಿದ 40 ಮಂದಿಯಲ್ಲಿ ಐವರಿಗಷ್ಟೇ ರೋಗ ಮರುಕಳಿಸಿತು. ಹೊಂದದ 31 ಮಂದಿಯಲ್ಲಿ 16 ಮಂದಿಗೆ ಮರುಕಳಿಸಿತು. ಮರೆತ ಕವಲೇ ಮತ್ತೆ ಕಾಡುತ್ತದೆ ಎಂದರ್ಥ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ದೊಡ್ಡ ಪರೀಕ್ಷೆಗಳಿಗೆ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗುವುದು ವಾಡಿಕೆ. ಖರ್ಚೂ ಓಡಾಟವೂ ನಿಜ. ಆದರೂ ಒಮ್ಮೆ ಶಸ್ತ್ರಕ್ರಿಯೆಯಾಗಿ ಮತ್ತೆ ಬಂದಿದ್ದರೆ, ಎರಡನೆಯ ಶಸ್ತ್ರಕ್ರಿಯೆಗೆ ಮೊದಲು ಈ ಖರ್ಚು ಮಾಡುವುದೇ ಲಾಭ ಎಂಬುದು ನನ್ನ ಅಭಿಪ್ರಾಯ.

ಇನ್ನು ದಾರದ ವಿಷಯ. ಸುಶ್ರುತ ಸಂಹಿತೆಯಲ್ಲಿ ಭಗಂದರದ ಐದು ಬಗೆಗಳಿವೆ. ಜರಡಿಯಂತೆ ಹಲವು ಬಾಯಿಗಳಿರುವ ಶತಪೋನಕ, ಒಂಟೆಯ ಕೊರಳಿನಂತಹ ಉಷ್ಟ್ರಗ್ರೀವ, ಶಂಖದ ಸುರುಳಿಯಂತೆ ಸುತ್ತುವ ಶಂಬೂಕಾವರ್ತ ಮೊದಲಾದವು. ಕ್ಷಾರಸೂತ್ರದ ಮಾತೂ ಅಲ್ಲಿದೆ. ನಡುವೆ ಮರೆಯಾದಂತಿದ್ದ ಈ ಪದ್ಧತಿಯನ್ನು 1960ರ ದಶಕದಿಂದ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ.ಜೆ. ದೇಶಪಾಂಡೆ ಮತ್ತು ಅವರ ಜೊತೆಗಾರರು ಮತ್ತೆ ಬಳಕೆಗೆ ತಂದರು. ದಾರಕ್ಕೆ ಬೇಕಾದದ್ದೆಲ್ಲ ಕೋಲಸಿರ್ಸಿಯಂತಹ ಊರಿನ ಹಿತ್ತಿಲಿಗೆ ಪರಿಚಿತವಾದವೇ. ಬೇಲಿಯ ಎಲೆಗಳ್ಳಿಯ ಹಾಲು, ದಾರಿ ಬದಿಯ ಉತ್ತರಾಣಿಯನ್ನು ಸುಟ್ಟು ತೆಗೆದ ಕ್ಷಾರ, ಅರಿಶಿನದ ಪುಡಿ. ನಾರಿನ ದಾರಕ್ಕೆ ಮೊದಲು ಹನ್ನೊಂದು ಸಲ ಬರೀ ಕಳ್ಳಿಹಾಲು, ಆಮೇಲೆ ಏಳು ಸಲ ಕಳ್ಳಿಹಾಲಿನ ಜೊತೆ ಕ್ಷಾರ, ಕೊನೆಗೆ ಮೂರು ಸಲ ಕಳ್ಳಿಹಾಲಿನ ಜೊತೆ ಅರಿಶಿನ. ಒಟ್ಟು 21 ಲೇಪ, ಪ್ರತಿ ಲೇಪವೂ ಒಣಗಿದ ಮೇಲೆ ಮುಂದಿನದು.

ಈ ದಾರವನ್ನು ಹೊರಬಾಯಿಯಿಂದ ಒಳಬಾಯಿಗೆ ಪೋಣಿಸಿ ಸಡಿಲವಾಗಿ ಗಂಟು ಹಾಕುತ್ತಾರೆ. ವಾರಕ್ಕೊಮ್ಮೆ ಹಳೆಯ ದಾರದ ತುದಿಗೆ ಹೊಸದನ್ನು ಕಟ್ಟಿ ಎಳೆದು ಬದಲಿಸುತ್ತಾರೆ. ಕ್ಷಾರವು ಕೊಳವೆಯ ಕೊಳೆತ ಗೋಡೆಯನ್ನು ತಿನ್ನುತ್ತದೆ. ದಾರ ವಾರಕ್ಕೆ ಅರ್ಧದಿಂದ ಒಂದು ಸೆಂಟಿಮೀಟರಿನಂತೆ ಕೊಯ್ಯುತ್ತಾ ಬಂದಂತೆ ಹಿಂದಿನ ಭಾಗ ಮಾಯುತ್ತದೆ. ಒಮ್ಮೆಲೇ ಸೀಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ರೋಗಿ ಮನೆಯಿಂದಲೇ ಬಂದು ಹೋಗಬಹುದು.

ನಂಬಿಕೆಯ ಮಾತು ಬೇರೆ, ಪರೀಕ್ಷೆಯ ಮಾತು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಹಲವು ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯ ಜೊತೆ ಹೋಲಿಸಿ ನೋಡಿತು. ಯಾರಿಗೆ ದಾರ, ಯಾರಿಗೆ ಕತ್ತಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. 1991ರಲ್ಲಿ ಫಲಿತಾಂಶ ಪ್ರಕಟವಾಯಿತು. ದಾರದಿಂದ ಗಾಯ ಮಾಯಲು ಎಂಟು ವಾರ ಹಿಡಿಯಿತು, ಶಸ್ತ್ರಕ್ರಿಯೆಯಲ್ಲಿ ನಾಲ್ಕು ವಾರ. ಆದರೆ ರೋಗ ಮರುಕಳಿಸಿದ್ದು ದಾರದವರಲ್ಲಿ ನೂರಕ್ಕೆ 4 ಮಂದಿಗೆ, ಶಸ್ತ್ರಕ್ರಿಯೆಯವರಲ್ಲಿ ನೂರಕ್ಕೆ 11 ಮಂದಿಗೆ. ನಮ್ಮ ದೇಶದ ಒಂದು ಹಳೆಯ ಚಿಕಿತ್ಸೆಯನ್ನು ಇಷ್ಟು ಕಟ್ಟುನಿಟ್ಟಾಗಿ ತೂಗಿ ನೋಡಿದ ಉದಾಹರಣೆಗಳು ಹೆಚ್ಚಿಲ್ಲ.

ಇದನ್ನು ಓದಿ ಯಾರೂ ಕಳ್ಳಿಹಾಲು ಕರೆಯಲು ಹೊರಡಬಾರದು. ಅದು ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ದಾರ ಬದಲಿಸಿದ ದಿನ ಉರಿಯೂ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ದಾರವೂ ಸ್ನಾಯುವನ್ನು ಕೊಯ್ಯುತ್ತದೆ, ನಿಧಾನವಾಗಿ ಕೊಯ್ಯುತ್ತದೆ ಅಷ್ಟೇ. ಎತ್ತರದ ಭಗಂದರಕ್ಕೆ ನಕ್ಷೆ ನೋಡದೆ ದಾರ ಕಟ್ಟಿದರೆ ಹಿಡಿತ ತಪ್ಪುವ ಭಯ ಇದ್ದೇ ಇದೆ. ಆ ಹೋಲಿಕೆ ನಡೆದದ್ದು ಎಂ.ಆರ್.ಐ. ವಾಡಿಕೆಗೆ ಬರುವ ಮೊದಲು ಎಂಬುದನ್ನೂ ಗಮನದಲ್ಲಿಡಬೇಕು. ಆಯುರ್ವೇದ ಕಾಲೇಜಿನ ಆಸ್ಪತ್ರೆಗಳ ಶಲ್ಯತಂತ್ರ ವಿಭಾಗದಲ್ಲಿ ತರಬೇತಾದವರ ಬಳಿಗೇ ಹೋಗಿ. ಬಸ್ ನಿಲ್ದಾಣದ ಗೋಡೆಯ ಮೇಲೆ "ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಖಚಿತ ಗುಣ" ಎಂದು ಚೀಟಿ ಅಂಟಿಸಿದವರ ಬಳಿಗಲ್ಲ. ಏನೆಂದು ಹೇಳದ ಔಷಧಿಯ ಚುಚ್ಚುಮದ್ದನ್ನು ಆ ಭಾಗಕ್ಕೆ ಹಾಕಿಸಿಕೊಳ್ಳಲೇಬೇಡಿ.

ಸ್ನಾಯುವನ್ನು ಮುಟ್ಟದೆ ಗುಣಪಡಿಸುವ ಹೊಸ ದಾರಿಗಳೂ ಬಂದಿವೆ. ಥಾಯ್ಲೆಂಡಿನ ಅರುಣ್ ರೋಜನಸಕುಲ್ 2007ರಲ್ಲಿ ಎರಡು ಸ್ನಾಯುಗಳ ನಡುವೆ ಇಳಿದು ಕೊಳವೆಯನ್ನು ಕಟ್ಟಿ ಕತ್ತರಿಸುವ ವಿಧಾನವನ್ನು ವರದಿ ಮಾಡಿದರು. ನಮ್ಮ ದೇಶದಲ್ಲಿ ಪಂಚಕುಲದ ಪಂಕಜ್ ಗರ್ಗ್ 2017ರಲ್ಲಿ, ಹೊರಸ್ನಾಯುವನ್ನು ಕೊಯ್ಯದೆ ಗುದದ ಒಳಗಿನಿಂದಲೇ ಆ ನಡುಜಾಗವನ್ನು ತೆರೆಯುವ ವಿಧಾನವನ್ನು ಪ್ರಕಟಿಸಿದರು. ಹೊಸದೆಲ್ಲ ಮೇಲು ಎಂದಲ್ಲ. ಹಂದಿಯ ಕರುಳಿನ ಪೊರೆಯಿಂದ ಮಾಡಿದ ಬಿರಡೆಯನ್ನು ಕೊಳವೆಗೆ ಜಡಿಯುವ ದುಬಾರಿ ಉಪಾಯವೊಂದಿತ್ತು. ಬ್ರಿಟನ್ನಿನಲ್ಲಿ 304 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದಾಗ, ವರ್ಷದ ನಂತರ ಬಿರಡೆಯವರಲ್ಲಿ ನೂರಕ್ಕೆ 54, ಬೇರೆ ವಿಧಾನಗಳವರಲ್ಲಿ ನೂರಕ್ಕೆ 55 ಮಂದಿ ಗುಣವಾಗಿದ್ದರು. ತೊಡಕಿನ ಭಗಂದರದಲ್ಲಿ ನೂರಕ್ಕೆ ನೂರರ ಭರವಸೆ ಕೊಡುವವರನ್ನು ಯಾಕೆ ನಂಬಬಾರದು ಎಂಬುದಕ್ಕೆ ಈ ಅಂಕಿಗಳೇ ಸಾಕು.

ಕೆಲವೊಮ್ಮೆ ಕಾರಣ ಗ್ರಂಥಿಯಲ್ಲ, ಕ್ಷಯ. ಎದೆಯಲ್ಲಿ ಕೆಮ್ಮು ಇಲ್ಲದೆಯೂ ಗುದದ್ವಾರದಲ್ಲಿ ಕ್ಷಯ ಕಾಣಿಸಿಕೊಳ್ಳಬಹುದು. ಆದ್ದರಿಂದ ಶಸ್ತ್ರಕ್ರಿಯೆಯಲ್ಲಿ ತೆಗೆದ ತುಣುಕನ್ನು ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದು ಕೇಳಿ. ಕ್ಷಯವೆಂದು ತಿಳಿದರೆ ಮಾತ್ರೆಗಳು ಸರ್ಕಾರದಿಂದ ಉಚಿತ. ಭೇದಿ, ತೂಕ ಇಳಿಯುವುದು, ಒಂದರ ನಂತರ ಒಂದು ಹೊಸ ಬಾಯಿ, ಹೀಗಿದ್ದರೆ ಕರುಳಿನ ಕ್ರೋನ್ಸ್ ಕಾಯಿಲೆಯನ್ನೂ ಅನುಮಾನಿಸಬೇಕು. ಅಲ್ಲಿ ಕರುಳಿಗೆ ಔಷಧಿ ಕೊಡದೆ ಬರೀ ಕತ್ತಿಯಿಂದ ಭಗಂದರ ಹೋಗುವುದಿಲ್ಲ.

ವೈದ್ಯರ ಬಳಿಗೆ ಹೋಗುವಾಗ ಹಿಂದಿನ ಶಸ್ತ್ರಕ್ರಿಯೆಯ ಡಿಸ್ಚಾರ್ಜ್ ಚೀಟಿ, ಎಂ.ಆರ್.ಐ. ತೆಗೆಸಿದ್ದರೆ ವರದಿಯ ಜೊತೆ ಫಿಲ್ಮು, ರಕ್ತದ ಸಕ್ಕರೆಯ ಇತ್ತೀಚಿನ ವರದಿ ಕೈಯಲ್ಲಿರಲಿ. ನನ್ನ ಕೊಳವೆ ಎಷ್ಟು ಸ್ನಾಯುವನ್ನು ದಾಟಿದೆ, ಈ ಚಿಕಿತ್ಸೆಯಿಂದ ಗಾಳಿ ಅಥವಾ ಮಲದ ಹಿಡಿತಕ್ಕೆ ತೊಂದರೆಯಾಗುವ ಸಂಭವ ಎಷ್ಟು, ಮತ್ತೆ ಬಂದರೆ ಮುಂದೇನು, ಈ ಮೂರನ್ನು ಶಸ್ತ್ರಕ್ರಿಯೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ. ಈಗಾಗಲೇ ಗಾಳಿಯೋ ಮಲವೋ ಆಗಾಗ ತಿಳಿಯದೆ ಜಾರುತ್ತಿದ್ದರೆ ಅದನ್ನೂ ಆಗಲೇ ಹೇಳಿ. ವೈದ್ಯರು ಆರಿಸುವ ದಾರಿ ಅದರಿಂದ ಬದಲಾಗುತ್ತದೆ.