ಮದ್ದಿಗೂ ಒಂದು ಕಾಲುವೆ

ಒಂದು ಮಡಿಯ ಪೈರಿಗೆ ನೀರು ಬೇಕಾದರೆ ರೈತನು ಇಡೀ ಬಯಲಿಗೆ ನೀರು ಬಿಡುವುದಿಲ್ಲ. ಆ ಮಡಿಗೆ ಮಾತ್ರ ಕಾಲುವೆ ತಿರುಗಿಸುತ್ತಾನೆ. ಕ್ಯಾನ್ಸರ್ ರೋಗದಲ್ಲಿಯೂ ವೈದ್ಯರು ಇಂಥದೇ ಉಪಾಯ ಹೂಡಿದ್ದಾರೆ.

ದೊಡ್ಡ ಕರುಳಿನ ಕ್ಯಾನ್ಸರ್ ಹರಡುವಾಗ ಬಹುವಾಗಿ ಯಕೃತ್ತಿಗೆ, ಅಂದರೆ ಲಿವರಿಗೆ, ಹೋಗಿ ನೆಲೆಸುತ್ತದೆ. ಇದೇಕೆ? ಕರುಳಿನ ರಕ್ತವೆಲ್ಲ ಪೋರ್ಟಲ್ ಎಂಬ ರಕ್ತನಾಳದ ಮೂಲಕ ಮೊದಲು ಯಕೃತ್ತಿಗೇ ಹರಿಯುತ್ತದೆ. ಗಂಟಿನಿಂದ ಕಳಚಿದ ರೋಗಕಣಗಳು, ನೀರಿನಲ್ಲಿ ತೇಲಿ ಬಂದ ಕಳೆಯ ಬೀಜದಂತೆ, ಅಲ್ಲಿ ಬೇರೂರುತ್ತವೆ.

ಕೈಯ ನರಕ್ಕೆ ಕೊಟ್ಟ ಮದ್ದು ಮೈಯೆಲ್ಲ ಸುತ್ತುತ್ತದೆ. ಅದರಿಂದ ಬಾಯಿಹುಣ್ಣು, ಭೇದಿ, ರಕ್ತಕಣಗಳ ಇಳಿತ ಉಂಟಾಗಬಹುದು. ಆದುದರಿಂದ ಶಸ್ತ್ರಕ್ರಿಯೆಯಾದ ಕೂಡಲೆ ಪೋರ್ಟಲ್ ನಾಳಕ್ಕೇ ಒಂದು ವಾರ ಮದ್ದು ಹರಿಸಿ ನೋಡಿದರು. ಬ್ರಿಟನ್ನಿನಲ್ಲಿ 1989ರಲ್ಲಿ ಆರಂಭವಾದ ದೊಡ್ಡ ಪರೀಕ್ಷೆಗೆ 3,500ಕ್ಕೂ ಹೆಚ್ಚು ರೋಗಿಗಳು ಸೇರಿದರು. 2003ರಲ್ಲಿ ಫಲ ಪ್ರಕಟವಾಯಿತು: ಆಯುಸ್ಸು ಹೆಚ್ಚಿತೆಂದು ಖಚಿತವಾಗಲಿಲ್ಲ.

ಬೇರೂರಿ ಬೆಳೆದ ಗಂಟು ತನ್ನ ಆಹಾರವನ್ನು ಮುಖ್ಯವಾಗಿ ಪಡೆಯುವುದು ಇನ್ನೊಂದು ದಾರಿಯಿಂದ, ಹೃದಯದ ಕಡೆಯಿಂದ ಬರುವ ಯಕೃತ್ತಿನ ಅಪಧಮನಿಯಿಂದ. ಆದ್ದರಿಂದ ಹೊಟ್ಟೆಯ ಚರ್ಮದ ಕೆಳಗೆ ಸಣ್ಣ ಪಂಪನ್ನಿಟ್ಟು, ಆ ಅಪಧಮನಿಗೆ ಮದ್ದು ತಲಪುವಂತೆ ನಳಿಗೆ ಕೂಡಿಸುವ ಪದ್ಧತಿ ಬಂದಿತು. ಫ್ಲಾಕ್ಸ್ಯುರಿಡಿನ್ ಎಂಬ ಮದ್ದಿನ ಬಹುಭಾಗವನ್ನು ಯಕೃತ್ತೇ ಹೀರುವುದರಿಂದ ಉಳಿದ ಮೈಗೆ ಹೋಗುವುದು ಸ್ವಲ್ಪವೇ. ಯಕೃತ್ತಿನ ಗಂಟನ್ನು ಕತ್ತರಿಸಿ ತೆಗೆದ 156 ರೋಗಿಗಳ ಮೇಲೆ ನ್ಯೂಯಾರ್ಕಿನಲ್ಲಿ ನಡೆದ ಪರೀಕ್ಷೆಯ ಫಲ 1999ರಲ್ಲಿ ಹೊರಬಿತ್ತು. ಎರಡು ವರ್ಷಗಳ ಬಳಿಕ, ಪಂಪಿನ ಮದ್ದನ್ನೂ ಸಾಮಾನ್ಯ ಮದ್ದನ್ನೂ ಪಡೆದವರಲ್ಲಿ ನೂರಕ್ಕೆ 86 ಮಂದಿ ಬದುಕಿದ್ದರು. ಸಾಮಾನ್ಯ ಮದ್ದು ಮಾತ್ರ ಪಡೆದವರಲ್ಲಿ 72 ಮಂದಿ.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ಪಿತ್ತನಾಳಗಳಿಗೆ ಹಾನಿಯಾಗಬಹುದು; ಆಗಾಗ್ಗೆ ರಕ್ತಪರೀಕ್ಷೆ ಅವಶ್ಯ. ಶ್ವಾಸಕೋಶ ಮೊದಲಾದೆಡೆಗೆ ಹರಡುವುದನ್ನು ಪಂಪೊಂದೇ ತಡೆಯಲಾರದು. ಎಲ್ಲ ಆಸ್ಪತ್ರೆಗಳಲ್ಲಿಯೂ ಈ ಸೌಕರ್ಯವಿಲ್ಲ. ಯಾರಿಗೆ ಇದು ತಕ್ಕದ್ದೆಂಬುದನ್ನು ನುರಿತ ವೈದ್ಯರೇ ನಿರ್ಣಯಿಸಬೇಕು.

ರೈತ ಬಾಂಧವರೇ, ಕಳೆಯನ್ನು ಬೀಜ ಉದುರುವ ಮೊದಲೇ ಕೀಳುವುದು ಜಾಣತನ. ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ, ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಿ ಸುಮ್ಮನಿರಬೇಡಿ, ನಾಚಿಕೆಯನ್ನೂ ಪಡಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ರೋಗ ಕರುಳಿನಲ್ಲಿಯೇ ಇರುವಾಗ ಸಿಕ್ಕಿದರೆ ಎಷ್ಟೋ ಮಂದಿಗೆ ಶಸ್ತ್ರಕ್ರಿಯೆಯೊಂದರಿಂದಲೇ ಗುಣವಾಗುತ್ತದೆ. ಪಂಪಿನ ಮಾತೇ ಬರುವುದಿಲ್ಲ.